ಚಂಪಾ ಬಿಟ್ಟುಕೊಟ್ಟ ಕುರ್ಚಿ

"ಅಹಮದಾಬಾದಿನಲ್ಲಿ ರೈಲು ಹತ್ತಿ, ನಿಂತಲ್ಲೇ ನಿದ್ದೆ ಹೋದವನು ಎದ್ದದ್ದು ಸೂರತ್ತಿನಲ್ಲಿ ಕಣಮ್ಮ. ನಡುವೆ ಯಾರೋ ನನ್ನನ್ನು ಕಂಬ ಅಂದ್ಕೊಂಡು ಎರಡು ಚೀಲ, ಒಂದು ಕೊಡೆ ನೇತುಹಾಕಿದ್ರು. ಚೀಲ ತಗೊಂಡು ಇಳಿದ್ರು, ಕೊಡೆ ಮರೆತ್ರು. ಈಗಲೂ ನಮ್ಮ ಮನೇಲಿದೆ."

ಅಲಕಾಪುರಿಯ ಮನೋವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಶೇಷಾದ್ರಿ ಹೇಳುತ್ತಿದ್ದ. ವಡೋದರಾದ ಕನ್ನಡಿಗರಲ್ಲಿ ಈ ಕಥೆ ಕೇಳದವರು ಹಾಲು ಕುಡಿಯುವ ಕೂಸುಗಳು ಮಾತ್ರ. ಚಂಪಾ ನಗಲಿಲ್ಲ. ಲಿಫ್ಟು ಬೇಡವೆಂದು ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಬಂದವಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಣ್ಣು ಕೆಂಪಗ ಅದಾವಲ್ರಿ ಅಣ್ಣಾರ."

"ಸೂರತ್ ಹತ್ತಿರದ ಸಚಿನ್ ಊರಿಗೆ ಹೋಗಿದ್ನಲ್ಲ, ಸುಟ್ಟ ಗೋದಾಮಿನ ಇನ್ಶೂರೆನ್ಸ್ ಕ್ಲೇಮ್ ನೋಡೋಕೆ. ಅಲ್ಲಿನ ಹೊಗೆಗೆ ಕಾಗೆಗಳೂ ಟಾರ್ಚ್ ಹಿಡ್ಕೊಂಡೇ ಹಾರೋದು."

ಚಂಪಾಳ ಗಂಡ ಲಿಂಗರಾಜ ರೈಲ್ವೆಯವನು. ಅವನ ಹೆಂಡತಿಗೆ ರೈಲು ಹತ್ತಲು ಆಗುತ್ತಿರಲಿಲ್ಲ. ಬೋಗಿಯಲ್ಲಿ ಕಾಲಿಟ್ಟರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾರಿನ ಬಾಗಿಲು ಹಾಕಿದರೂ ಅಷ್ಟೇ. ಹೃದಯದ ಪರೀಕ್ಷೆಗಳೆಲ್ಲ ಮುಗಿದಿದ್ದವು, ದೋಷವೇನೂ ಇರಲಿಲ್ಲ. ಸೂರತ್ತಿನ ಅಡಾಜಣ್‌ನಲ್ಲಿ ಮಗಳಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ಮಗಳು ಪ್ರಯಾಣ ಮಾಡಕೂಡದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ತವರೇ ಅಲ್ಲಿಗೆ ಹೋಗಬೇಕಾಗಿತ್ತು.

ಮನೆಯವರು ಹೊರಗಿರಲಿ, ರೋಗಿ ಬಿಚ್ಚಿ ಮಾತಾಡಲಿ ಎಂಬುದು ಡಾಕ್ಟರ್ ಹೇತಲ್ ಪರೀಖ್ ಅವರ ಪದ್ಧತಿ. ಚಂಪಾಗೆ ಕನ್ನಡ ಬಿಟ್ಟು ಬೇರೆ ಆಡಲು ಬಾರದು. ಹಾಗಾಗಿ ನೆರೆಮನೆಯ ಶೇಷಾದ್ರಿ ದುಭಾಷಿ. ಬೇರೆ ಯಾರೂ ಬಿಡುವಾಗಿರಲಿಲ್ಲ.

"ಇದ್ದದ್ದು ಇದ್ದಂಗ ಹೇಳ್ರಿ," ಎಂದು ಲಿಂಗರಾಜ ಅವನ ಕೈ ಹಿಡಿದ. "ಉಪ್ಪು ಖಾರ ಹಚ್ಚಬ್ಯಾಡ್ರಿ. ಇಲ್ಲದ ರೋಗಕ್ಕ ಗುಳಿಗಿ ಕೊಟ್ರ ಆಕಿ ಗತಿ ಏನು?"

"ನಾನು ಸುಳ್ಳು ಹೇಳಿದ್ದು ಯಾವಾಗ?" ಎಂದ ಶೇಷಾದ್ರಿ.

ಲಿಂಗರಾಜ ಅವನ ಕೈ ಬಿಟ್ಟು ಬೆಂಚಿನ ಮೇಲೆ ಕೂತ.

ಒಳಗೆ ಡಾಕ್ಟರು ಹಿಂದಿಯಲ್ಲಿ ಕೇಳಿದರು. ಶೇಷಾದ್ರಿ ಕನ್ನಡಕ್ಕೆ ತಂದ. ಏನಾಗುತ್ತದೆ?

"ಗಾಡಿ ಬಾಗಲಾ ಹಾಕಿದ್ರ ಎದಿ ಡವಡವ ಅಂತೈತ್ರಿ. ಕೈ ಬೆವರತಾವ. ಈಗ ಸತ್ತೆ ಅನಸ್ತೈತಿ. ಸ್ವಲ್ಪ ಹೊತ್ತಿಗೆ ತಾನ ಇಳೀತೈತಿ."

ಶೇಷಾದ್ರಿ ಹಿಂದಿಯಲ್ಲಿ ಹೇಳಿದ: ಒಂಬತ್ತು ರಾತ್ರಿಯ ಗರಬಾ ಒಂದೇ ರಾತ್ರಿ ಕುಣಿದಂತೆ ಎದೆ ಬಡಿಯುತ್ತದೆ, ಬೆವರಿನಲ್ಲಿ ಒಂದು ಎಕರೆ ಭತ್ತ ಬೆಳೆಯಬಹುದು.

"ಭತ್ತ ಬೇಡ, ಭಾಯಿ," ಎಂದರು ಡಾಕ್ಟರು ದಣಿದ ದನಿಯಲ್ಲಿ. "ನಿದ್ದೆ ಹೇಗೆ?"

"ಮಲಗಿದ್ರ ಬರ್ತೈತ್ರಿ," ಎಂದಳು ಚಂಪಾ.

ಶೇಷಾದ್ರಿ ತಲೆ ಎತ್ತಿ ತಿರುಗುವ ಫ್ಯಾನನ್ನು ನೋಡಿದ. ಆಮೇಲೆ ಬಡಾಯಿ ತನ್ನ ಹಳೆಯ ದಾರಿ ಹಿಡಿಯಿತು.

"ಬರುವುದಿಲ್ಲ. ಬಂದರೂ ನಸುಕಿಗೆ ಮೊದಲೇ ಎಚ್ಚರ. ಮತ್ತೆ ಬರುವುದಿಲ್ಲ," ಎಂದ ಹಿಂದಿಯಲ್ಲಿ.

ಚಂಪಾ ಅವನತ್ತ ತಿರುಗಿದಳು. ಡಾಕ್ಟರು ಬರೆದುಕೊಂಡರು. "ಊಟ?"

"ಉಣ್ತೀನ್ರಿ. ನಿನ್ನಿ ಎರಡು ರೊಟ್ಟಿ ಜಾಸ್ತಿನ ಆತು."

"ರುಚಿ ತಿಳಿಯುವುದಿಲ್ಲ," ಎಂದ ಶೇಷಾದ್ರಿ. "ಬೆಳಿಗ್ಗೆ ಶೂ ಹಾಕಲು ಕೂತರೆ ಲೇಸು ಕೈಯಲ್ಲೇ ಉಳಿಯುತ್ತದೆ, ಏಳಲು ಆಗುವುದಿಲ್ಲ. ನಾಲ್ಕು ಜನರನ್ನು ನಗಿಸುವುದು, ಮನೆಗೆ ಬಂದು ದೀಪ ಹಾಕದೆ ಕೂರುವುದು."

ಈ ಸಲ ಗರಬಾ, ಭತ್ತದಂಥ ಒಂದು ಹೋಲಿಕೆಯೂ ಇರಲಿಲ್ಲ. ಡಾಕ್ಟರ ಕಣ್ಣು ಮೇಜಿನ ಕೆಳಗೆ, ಚಂಪಾಳ ಹವಾಯಿ ಚಪ್ಪಲಿಯ ಮೇಲೆ ಒಂದು ಕ್ಷಣ ನಿಂತಿತು. ಅವರು ಪೆನ್ನು ಕೆಳಗಿಟ್ಟರು.

"ಇದನ್ನು ಎಲ್ಲರಿಗೂ ಕೇಳುತ್ತೇನೆ. ಬದುಕಿದ್ದು ಸಾಕು ಎಂದು ಅನಿಸುತ್ತದೆಯೇ?"

ಶೇಷಾದ್ರಿ ಪ್ರಶ್ನೆಯನ್ನು ಅಕ್ಷರವೂ ತಪ್ಪದಂತೆ ಕನ್ನಡದಲ್ಲಿ ಕೇಳಿದ.

"ಅಯ್ಯ, ಇಲ್ರಿ. ಮಗಳ ಕೂಸನ್ನ ಎತ್ತಿಕೋಬೇಕು ನಾನು. ಅದಕ್ಕ ಬಂದೀನಿ."

"ಕಭಿ ಕಭಿ," ಎಂದ ಶೇಷಾದ್ರಿ.

"ನಹೀಂ."

ಅಂದದ್ದು ಚಂಪಾ. ಆ ಮಧ್ಯಾಹ್ನ ಅವಳು ಆಡಿದ ಏಕೈಕ ಹಿಂದಿ ಮಾತು.

"ಅಣ್ಣಾರ, ನನಗ ಆಡಾಕ ಬರಂಗಿಲ್ಲ. ಕೇಳಿದ್ರ ತಿಳಿತೈತಿ. ಇಷ್ಟು ವರ್ಷ ಈ ಊರಾಗ ಕಾಯಿಪಲ್ಲೆ ತಂದೀನಿ, ಟಿವಿ ನೋಡೀನಿ. ಎದಿ ಬಡಿಯೋದಷ್ಟ ನಂದು, ಮುಂದಿಂದು ನಂದಲ್ಲ ಅಂತ ಡಾಕ್ಟರಿಗೆ ಹೇಳ್ರಿ. ಇದ್ದದ್ದು ಇದ್ದಂಗ."

ಶೇಷಾದ್ರಿ ಹೇಳಿದ. ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ.

ಡಾಕ್ಟರು ಬರೆದದ್ದರಲ್ಲಿ ಮೊದಲ ಸಾಲು ಉಳಿಸಿ ಮಿಕ್ಕಿದ್ದಕ್ಕೆ ಗೀಟು ಎಳೆದರು. ಬಯ್ಯಲಿಲ್ಲ. ಚಂಪಾಗೆ ಹೇಳಿದರು, ಶೇಷಾದ್ರಿಯ ಬಾಯಿಂದಲೇ: ಇದು ಗಾಬರಿಯ ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಅಲೆ ಏರುತ್ತದೆ, ಇಳಿಯುತ್ತದೆ, ಕೊಲ್ಲುವುದಿಲ್ಲ. ಮೊದಲು ಗಂಡನ ಜೊತೆ ನಿಂತ ರೈಲಿನಲ್ಲಿ ಕೂತು, ಎದೆಬಡಿತ ಇಳಿದ ಮೇಲೆ ಇಳಿಯಬೇಕು. ಆಮೇಲೆ ಒಂದು ಸ್ಟೇಷನ್. ಆಮೇಲೆ ಅರ್ಧ ದಾರಿಯ ಭರೂಚ್. ವಾರ ವಾರ ಇಲ್ಲಿಗೆ ಬರಬೇಕು.

"ಆಮ್ಯಾಲೆ ಸೂರತ್," ಎಂದಳು ಚಂಪಾ, ತನಗೇ ಎಂಬಂತೆ.

ಅವಳು ಎದ್ದಳು. ಹೊರಡಲಿಲ್ಲ. ತಾನು ಕೂತಿದ್ದ ಕುರ್ಚಿಯನ್ನು ಗೋಡೆ ಪಕ್ಕದ ಸ್ಟೂಲಿನಲ್ಲಿದ್ದ ಶೇಷಾದ್ರಿಯ ಕಡೆಗೆ ಸರಿಸಿದಳು.

"ನೀವು ಇಲ್ಲಿ ಕೂಡ್ರಿ ಅಣ್ಣಾರ. ನಾವಿಬ್ಬರೂ ಹೊರಗ ಕಾಯ್ತೀವಿ. ಎಷ್ಟೊತ್ತಾದ್ರೂ ಆಗಲಿ."

ಡಾಕ್ಟರು ಹೊಸ ಹಾಳೆ ತೆಗೆದು ಕಾದರು. ಶೇಷಾದ್ರಿ ಕುರ್ಚಿಗೆ ಬಂದು ಕೂತ. ಚಂಪಾ ಬಾಗಿಲು ತೆರೆಯುವಾಗ, ಅವನು ತಿರುಗಿ ನೋಡದೆ ಕನ್ನಡದಲ್ಲಿ ಹೇಳಿದ:

"ಆ ಕೊಡೆ ನಾನೇ ಕೊಂಡದ್ದು ಕಣಮ್ಮ. ಅವತ್ತು ರೈಲಿನಲ್ಲೂ ನನಗೆ ನಿದ್ದೆ ಬಂದಿರಲಿಲ್ಲ."