ಒಂದೇ ಮನೆಗೆ ಒಂದೇ ಕಾರ್ಡು

“ಹನುಮ ಯಾರ್ರೀ?” ಎಂದು ನರ್ಸ್ ಶಶಿಕಲಾ ಕೂಗಿದಾಗ ಇಬ್ಬರು ಎದ್ದು ನಿಂತರು: ಹನುಮಯ್ಯ ಮತ್ತು ಅವರ ತಂಗಿ ಹನುಮಕ್ಕ. ಚಂದ್ರಾ ಲೇಔಟಿನ ಆ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಇವತ್ತಿನಿಂದ ಇಬ್ಬರಿಗೂ ಸೇರಿ ಒಂದೇ ಹೆಸರು, ಒಂದೇ ಇಂಜೆಕ್ಷನ್. ಒಬ್ಬರಿಗೆ ಬರೆದ ಮದ್ದು ಇನ್ನೊಬ್ಬರ ಮೈಗೆ ಆಗಿಬರುತ್ತಿರಲಿಲ್ಲ.

ರೋಗಿಗಳ ಆ ಹೊಸ ಪಟ್ಟಿ ಮಾಡಿಕೊಟ್ಟ ಕಂಪನಿಯ ಚೇತನಾ ಅಲ್ಲೇ ಮೂಲೆಯಲ್ಲಿದ್ದಳು. ಕೂತಲ್ಲಿ ಕೂರಲಾಗದೆ, ನಿಂತುಕೊಂಡೇ ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆದಳು. ಯಾವುದೋ ಹಳೆಯ ಫಂಕ್ಷನ್ ಒಂದನ್ನು, ಎಂದರೆ ಹಿಂದೆಂದೋ ಬರೆದಿಟ್ಟ ಕೋಡಿನ ತುಂಡನ್ನು, ಇಂಪೋರ್ಟ್ ಮಾಡಿ ಇಲ್ಲಿ ಕೆಲಸಕ್ಕೆ ಕರೆಯಲಾಗಿತ್ತು. ಅದು ಹೆಸರುಗಳ ಕೊನೆಯ ಅಯ್ಯ, ಅಕ್ಕ, ಅಮ್ಮಗಳನ್ನು ಕತ್ತರಿಸಿ, ಫೋನ್ ನಂಬರೂ ಒಂದೇ ಇದ್ದರೆ ಇಬ್ಬರನ್ನು ಒಬ್ಬರನ್ನಾಗಿ ಮಾಡುತ್ತಿತ್ತು. ಈ ಕೋಡ್ ಜೋಡಿಸಿದ್ದ ಸಹೋದ್ಯೋಗಿ ಸುಘೋಷ್‌ಗೆ ಫೋನ್ ಮಾಡಿದಳು.

“ಯಾವ ಕತ್ತೆ ಕಣೋ ಇದನ್ನ ಬರ್ದಿರೋದು?”

“ನಂಗೊತ್ತಿಲ್ಲ ಕಣೇ, ನಾನು ಬರೀ ಇಂಪೋರ್ಟ್ ಮಾಡ್ಕೊಂಡೆ. ನಮ್ ಕಂಪನೀಲಿ ಎಲ್ಲಾ ಕೆಲ್ಸಕ್ಕೂ ಅದನ್ನೇ ಕರೀತೀವಲ್ಲ. ಬರ್ದೋರ ಹೆಸ್ರು ಮೇಲಿರುತ್ತೆ, ನೋಡು.”

ನೋಡಿದಳು. ಮೂರು ವರ್ಷದ ಹಿಂದೆ ರಾಜಾಜಿನಗರದ ಸೀರೆ ಅಂಗಡಿಯೊಂದು ಗಿರಾಕಿಗಳಿಗೆ ಹಬ್ಬದ ಕಾರ್ಡು ಕಳಿಸಲೆಂದು ಬರೆಸಿದ್ದು. ಮೊದಲ ಸಾಲಿನಲ್ಲೇ ಇತ್ತು: ‘ಒಂದೇ ಮನೆಗೆ ಒಂದೇ ಕಾರ್ಡು ಸಾಕು. ಬರೆದವರು: ಚೇತನಾ.’

ಅಷ್ಟರಲ್ಲಿ ಹನುಮಕ್ಕ ರವಿಕೆಯ ತೋಳು ಮೇಲೇರಿಸಿಕೊಂಡು ನರ್ಸ್ ಮುಂದೆ ಕೂತಾಗಿತ್ತು. “ಚುಚ್ಚಮ್ಮ. ಅಣ್ಣಂಗಾದ್ರೇನು, ನಂಗಾದ್ರೇನು, ಒಂದೇ ಮನೆಯೋರಲ್ವಾ?”

“ಹನುಮಕ್ಕನೋರೇ, ತೋಳು ಇಳಿಸ್ರೀ!” ಚೇತನಾ ಕೂಗಿದಳು. ಬೆಳಗ್ಗೆಯಿಂದ ಆ ಹೆಸರನ್ನು ಯಾರೂ ಪೂರ್ತಿ ಕರೆದಿರಲಿಲ್ಲ.