ಕುಂಕುಮದ ಕಲೆ

ಆಫೀಸಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೆ ಹೆಚ್ಚುವರಿ ಮೆಮರಿ ಚಿಪ್ಪು ಕೂರಿಸುವಾಗ ದಿವಾಕರ ಅದನ್ನು ಹಿಂದುಮುಂದಾಗಿ ಒತ್ತಿಬಿಟ್ಟ. ಸ್ವಿಚ್ ಹಾಕಿದ್ದೇ ತಡ, ಸುಟ್ಟ ವಾಸನೆ ಬಂತು.

"ಏನ್ರೀ ಇದು?" ಸಾಹೇಬರು ಓಡಿಬಂದರು.

ದಿವಾಕರನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವನ ಬಾಯಿಂದ ಸುಳ್ಳು ಜಾರಿತು. "ಮೊನ್ನೆ ಆಯುಧಪೂಜೇಲಿ ಒಳಗೆ ಕುಂಕುಮ ಬಿದ್ದಿದೆ ಸಾರ್."

ಪೂಜೆ ಮಾಡಿದ್ದ ಟೈಪಿಸ್ಟ್ ಪದ್ಮಾವತಮ್ಮ ಅವನ ಮುಖವನ್ನೊಮ್ಮೆ ನೋಡಿದರು. "ಹೌದು ಸಾರ್, ನಂದೇ ತಪ್ಪು" ಎಂದು ಎಲ್ಲರೆದುರು ಬೈಸಿಕೊಂಡರು.

ಸಂಜೆ ಪದ್ಮಾವತಮ್ಮನವರ ಹತ್ತಿರ ನಿಜ ಹೇಳಲೆಂದು ಹೋದವನು ಅಲ್ಲೂ ತೊದಲಿದ. "ಬೇಜಾರು ಮಾಡ್ಕೋಬೇಡಿ ಅಮ್ಮಾ, ಕುಂಕುಮ ಯಾರ ಕೈಯಿಂದಾದ್ರೂ ಬೀಳುತ್ತೆ."

ಅವರು ಕಂಪ್ಯೂಟರಿಗೆ ಹೊದಿಸುವ ಬಟ್ಟೆಯ ಕವರನ್ನು ಮಡಿಸಿ ತಮ್ಮ ಚೀಲಕ್ಕೆ ತುರುಕುತ್ತಿದ್ದರು. ಅದರ ತುಂಬ ಕುಂಕುಮದ ಕಲೆ.

"ಕವರು ತೆಗೀದೇನೇ ಪೂಜೆ ಮಾಡಿದ್ದೆ ಕಣಪ್ಪಾ. ಇದು ಸಾಹೇಬ್ರ ಕಣ್ಣಿಗೆ ಬೀಳೋದು ಬೇಡ, ಒಗೆದು ತರ್ತೀನಿ."