ಮನೆಯವರ ಹೆಸರು

ಕಣ್ಣು ಮಂಜಾದ ಹಿರಿಯರಿಗೆಂದೇ ವಸ್ತುಸಂಗ್ರಹಾಲಯಕ್ಕೆ ಮಾತಾಡುವ ಯಂತ್ರ ಬಂದಿತ್ತು. ಕಲಾವಿದರ ಹೆಸರು ಹೇಳಿದರೆ ಸಾಕು, ಅವರ ಕೆಲಸವೆಲ್ಲ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತಿತ್ತು. ಮುದುಕಿಯೊಬ್ಬಳ ತೀರಿಹೋದ ಗಂಡ ಮಾಡಿದ್ದ ತೊಗಲುಗೊಂಬೆಗಳನ್ನು ಸಂಗ್ರಹಾಲಯದವರು ಹಿಂದೆ ಅಲ್ಲಿಗೇ ಒಯ್ದಿದ್ದರು. ಅವನ್ನೊಮ್ಮೆ ಕಾಣಲೆಂದು ಮುದುಕಿ ಬಂದಿದ್ದಳು.

“ಗೊಂಬಿ ಮಾಡಿದವ್ರು ಯಾರು, ಹೇಳ್ರಿ ಅಮ್ಮಾ,” ಎಂದಳು ಅಲ್ಲಿ ಕೆಲಸಕ್ಕಿದ್ದ ಹೆಂಗಸು.

“ನಮ್ಮ ಮನಿಯವ್ರು.”

“ದಯವಿಟ್ಟು ಹೆಸರು ಹೇಳಿ,” ಎಂದಿತು ಯಂತ್ರ.

“ಗಂಡನ ಹೆಸರ ಹ್ಯಾಂಗ ಹೇಳ್ಲವಾ? ಮದುವ್ಯಾಗ ಒಡಪಿನಾಗ ಹೇಳಿದ್ದು, ಅದ ಕಡೀದು.”

“ಹೇಳದಿದ್ರ ಅದು ತೋರ್ಸಂಗಿಲ್ರಿ.”

ಮುದುಕಿ ತಲೆಯ ಮೇಲೆ ಸೆರಗೆಳೆದುಕೊಂಡಳು. ಆಚೀಚೆ ನೋಡಿದಳು. ಯಂತ್ರದ ಕಿವಿಯಲ್ಲಿ ಹೇಳುವವಳಂತೆ ಬಾಗಿ, ಮೆಲ್ಲಗೆ ಉಸುರಿದಳು:

“ಹುಲಗಪ್ಪ.”

“ಕ್ಷಮಿಸಿ, ಈ ಹೆಸರಿನ ಕಲಾವಿದರು ಇಲ್ಲಿ ಯಾರೂ ಇಲ್ಲ.”